ಮೂವತ್ತೊಂಬತ್ತು ಅಂಕಿಗಳ ಒಂದು ಅವಿಭಾಜ್ಯ ಸಂಖ್ಯೆ

ಕೆಳಗೆ ಅಚ್ಚಾಗಿರುವ ಸಂಖ್ಯೆಯನ್ನು ಓದುಗರು ಒಮ್ಮೆ ನಿಧಾನವಾಗಿ ನೋಡಬೇಕು.

170 141 183 460 469 231 731 687 303 715 884 105 727

ಇದರಲ್ಲಿ ಮೂವತ್ತೊಂಬತ್ತು ಅಂಕಿಗಳಿವೆ. 2 ನ್ನು 127 ಸಲ ಇಟ್ಟು ಗುಣಿಸಿ, ಬಂದ ಗುಣಲಬ್ಧದಿಂದ 1 ನ್ನು ಕಳೆದರೆ ಈ ಸಂಖ್ಯೆ ದೊರೆಯುವುದು. ಗಣಿತದ ಬರವಣಿಗೆಯಲ್ಲಿ ಇದು 2¹²⁷ − 1. ಈ ಸಂಖ್ಯೆಯನ್ನು 1 ಮತ್ತು ಅದೇ ಸಂಖ್ಯೆ ಇವೆರಡರ ಹೊರತು ಬೇರಾವ ಪೂರ್ಣಾಂಕವೂ ಶೇಷವಿಲ್ಲದೆ ಭಾಗಿಸಲಾರದು. ಎಂದರೆ ಇದೊಂದು ಅವಿಭಾಜ್ಯ ಸಂಖ್ಯೆ. ಈ ಸಂಗತಿಯನ್ನು 1876 ರಲ್ಲಿ ಪ್ರಕಟಿಸಿದವನು ಫ್ರಾನ್ಸ್ ದೇಶದ ಎದ್ವಾರ್ ಲ್ಯೂಕಾ ಎಂಬ ಗಣಿತಜ್ಞ. ಆಗ ಗಣಕಯಂತ್ರಗಳಿರಲಿಲ್ಲ. ಅಲ್ಲಿಂದ ಮುಂದೆ 75 ವರ್ಷಗಳ ಕಾಲ, 1951 ರವರೆಗೆ, ಮನುಷ್ಯರಿಗೆ ತಿಳಿದ ಅವಿಭಾಜ್ಯ ಸಂಖ್ಯೆಗಳಲ್ಲೆಲ್ಲ ಇದೇ ಅತ್ಯಂತ ದೊಡ್ಡದಾಗಿತ್ತು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಒಂದು ಸಂಖ್ಯೆ ಅವಿಭಾಜ್ಯವೆಂದು ತಿಳಿಯಲು ನಾವು ಶಾಲೆಯಲ್ಲಿ ಕಲಿತ ಮಾರ್ಗ ಒಂದೇ: ಚಿಕ್ಕ ಅವಿಭಾಜ್ಯಗಳಿಂದ ಒಂದಾದ ಮೇಲೊಂದರಂತೆ ಭಾಗಿಸುತ್ತ ಹೋಗುವುದು, ಸಂಖ್ಯೆಯ ವರ್ಗಮೂಲವನ್ನು ದಾಟಿದ ಮೇಲೆ ನಿಲ್ಲಿಸುವುದು. 97 ಕ್ಕೆ 2, 3, 5, 7 ಇವಿಷ್ಟರಿಂದ ಭಾಗಿಸಿ ನೋಡಿದರೆ ಸಾಕು, ಏಕೆಂದರೆ 97 ಕ್ಕೆ ಇಬ್ಬರು ಭಾಜಕರಿದ್ದರೆ ಅವರಲ್ಲಿ ಕಿರಿಯನು 10 ಕ್ಕಿಂತ ಕಡಿಮೆ ಇರಲೇಬೇಕು. ಆದರೆ ನಮ್ಮ ಮೂವತ್ತೊಂಬತ್ತು ಅಂಕಿಗಳ ಸಂಖ್ಯೆಯ ವರ್ಗಮೂಲವೇ ಇಪ್ಪತ್ತು ಅಂಕಿಗಳದು. ಅಲ್ಲಿಯವರೆಗೆ ಭಾಗಿಸುತ್ತ ಹೋಗುವುದು ಯಾರ ಆಯುಷ್ಯಕ್ಕೂ ನಿಲುಕುವ ಕೆಲಸವಲ್ಲ. ಹಾಗಾದರೆ ಲ್ಯೂಕಾನಿಗೆ ಇದು ತಿಳಿದದ್ದಾದರೂ ಹೇಗೆ? ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಅವನು ಯಾವ ಭಾಜಕವನ್ನೂ ಹುಡುಕಲಿಲ್ಲ.

ಮೆರ್ಸೆನ್ನನ ಪಟ್ಟಿ

2, 4, 8, 16, 32 ಮುಂತಾದ 2 ರ ಘಾತಗಳಿಂದ ಒಂದನ್ನು ಕಳೆದಾಗ ಬರುವ 3, 7, 15, 31, 63, 127 ಎಂಬ ಸಂಖ್ಯೆಗಳ ಮೇಲೆ ಗಣಿತಜ್ಞರ ಕಣ್ಣು ಬಿದ್ದುದು ಬಹಳ ಹಿಂದೆ. ಯೂಕ್ಲಿಡನು ತನ್ನ ಗ್ರಂಥದ ಒಂಬತ್ತನೆಯ ಭಾಗದ ಕೊನೆಯಲ್ಲಿ ಇವುಗಳಿಗೂ ಪರಿಪೂರ್ಣ ಸಂಖ್ಯೆಗಳಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟಿದ್ದಾನೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದಾಗ ತಾನೇ ಆಗುವ ಸಂಖ್ಯೆ ಪರಿಪೂರ್ಣ; ಉದಾಹರಣೆಗೆ 6 = 1 + 2 + 3, 28 = 1 + 2 + 4 + 7 + 14. ಈ ಸಾಲಿನಲ್ಲಿ ಒಂದು ಅವಿಭಾಜ್ಯ ಸಿಕ್ಕಿದಾಗಲೆಲ್ಲ ಅದರಿಂದ ಒಂದು ಪರಿಪೂರ್ಣ ಸಂಖ್ಯೆಯನ್ನು ಪಡೆಯಬಹುದು. 7 ನ್ನು 4 ರಿಂದ ಗುಣಿಸಿದರೆ 28; 31 ನ್ನು 16 ರಿಂದ ಗುಣಿಸಿದರೆ 496; 127 ನ್ನು 64 ರಿಂದ ಗುಣಿಸಿದರೆ 8128.

ಆದರೆ ಸಾಲಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯವಲ್ಲ. ಘಾತಾಂಕವು ಸಂಯುಕ್ತವಾಗಿದ್ದರೆ ಸಂಖ್ಯೆಯೂ ಸಂಯುಕ್ತವೇ: 15 = 3 × 5 ಆದುದರಿಂದ 2¹⁵ − 1, ಎಂದರೆ 32767, 2³ − 1 ಆದ 7 ರಿಂದಲೂ 2⁵ − 1 ಆದ 31 ರಿಂದಲೂ ಭಾಗವಾಗುವುದು. ಹೀಗಾಗಿ ಘಾತಾಂಕ ಅವಿಭಾಜ್ಯವಾಗಿರುವುದು ಅವಶ್ಯಕ. ಅದು ಸಾಕೇ ಎಂದರೆ, ಸಾಲದು. 11 ಅವಿಭಾಜ್ಯ; ಆದರೆ 2¹¹ − 1 = 2047 = 23 × 89. ಈ ಮೋಸ ಬಯಲಾದುದು ಹದಿನಾರನೆಯ ಶತಮಾನದಲ್ಲಿ. 1588 ರಲ್ಲಿ ಇಟಲಿಯ ಕಟಾಲ್ಡಿ ಎಂಬವನು ನೇರವಾಗಿ ಭಾಗಿಸಿಯೇ ಘಾತಾಂಕ 17 ಮತ್ತು 19 ರ ಸಂಖ್ಯೆಗಳು, ಎಂದರೆ 131071 ಮತ್ತು 524287, ಅವಿಭಾಜ್ಯವೆಂದು ತೋರಿಸಿದನು.

1644 ರಲ್ಲಿ ಮರೆನ್ ಮೆರ್ಸೆನ್ ಎಂಬ ಫ್ರೆಂಚ್ ಸನ್ಯಾಸಿ ಒಂದು ಧೀರ ಹೇಳಿಕೆಯನ್ನು ಮುದ್ರಿಸಿದನು. ಘಾತಾಂಕ 257 ರವರೆಗೆ ನೋಡಿದರೆ 2, 3, 5, 7, 13, 17, 19, 31, 67, 127, 257 ಎಂಬ ಹನ್ನೊಂದಕ್ಕೆ ಮಾತ್ರ ಅವಿಭಾಜ್ಯ ಬರುವುದು, ಉಳಿದವಕ್ಕೆ ಬಾರದು ಎಂದು ಅವನ ಮಾತು. ಇಷ್ಟು ದೊಡ್ಡ ಸಂಖ್ಯೆಗಳನ್ನು ಅವನು ಪರೀಕ್ಷಿಸಿರಲು ಸಾಧ್ಯವೇ ಇಲ್ಲ. ಪಟ್ಟಿಯಲ್ಲಿ ತಪ್ಪುಗಳೂ ಇದ್ದವು: 67 ಮತ್ತು 257 ಅಲ್ಲಿರಬಾರದಾಗಿತ್ತು, 61, 89, 107 ಇರಬೇಕಾಗಿತ್ತು. ಆದರೆ ಈ ತಪ್ಪುಗಳೆಲ್ಲ ನಿಶ್ಚಯವಾಗಿ ತೀರ್ಮಾನಗೊಂಡದ್ದು 1947 ರಲ್ಲಿ, ಮುನ್ನೂರು ವರ್ಷಗಳ ತರುವಾಯ. ತಪ್ಪು ಪಟ್ಟಿಯೊಂದು ಇಷ್ಟು ಕಾಲ ಇಷ್ಟು ಜನರನ್ನು ದುಡಿಸಿದ ನಿದರ್ಶನ ಬಹಳವಿಲ್ಲ. ಈ ಸಾಲಿನ ಸಂಖ್ಯೆಗಳಿಗೆ ಮೆರ್ಸೆನ್ ಸಂಖ್ಯೆಗಳೆಂಬ ಹೆಸರು ನಿಂತಿದೆ. ಅದು ನ್ಯಾಯವೇ ಎಂದು ನಮಗೆ ತೋರುತ್ತದೆ.

ಭಾಗಿಸುವ ಕೆಲಸವನ್ನು ಹಗುರಗೊಳಿಸುವ ಒಂದು ಉಪಾಯವನ್ನು ಮೆರ್ಸೆನ್ನನ ಗೆಳೆಯ ಫರ್ಮಾ ಕಂಡುಹಿಡಿದಿದ್ದನು. 2¹¹ − 1 ರ ಭಾಜಕಗಳು 23 ಮತ್ತು 89 ಎಂದು ಕಂಡೆವಷ್ಟೆ. 11 ರ ಇಮ್ಮಡಿ 22. 23 ಎಂದರೆ 22 ಕ್ಕೆ ಒಂದು ಹೆಚ್ಚು. 89 ಎಂದರೆ 22 ರ ನಾಲ್ಕು ಮಡಿಗೆ ಒಂದು ಹೆಚ್ಚು. ಇದು ಆಕಸ್ಮಿಕವಲ್ಲ. ಮೆರ್ಸೆನ್ ಸಂಖ್ಯೆಯ ಘಾತಾಂಕ ಬೆಸ ಅವಿಭಾಜ್ಯವಾಗಿದ್ದರೆ, ಅದರ ಪ್ರತಿಯೊಂದು ಭಾಜಕವೂ ಆ ಘಾತಾಂಕದ ಇಮ್ಮಡಿಯ ಯಾವುದಾದರೊಂದು ಅಪವರ್ತ್ಯಕ್ಕಿಂತ ಒಂದು ಹೆಚ್ಚಾಗಿರಬೇಕು. ಇನ್ನೊಂದು ನಿಯಮವೂ ಸೇರಿತು: ಅಂಥ ಭಾಜಕವನ್ನು 8 ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. ಈ ಎರಡು ಜರಡಿಗಳನ್ನು ಹಿಡಿದು ಆಯ್ಲರನು 2³¹ − 1, ಎಂದರೆ 2147483647, ಅವಿಭಾಜ್ಯವೆಂದು ನಿರ್ಣಯಿಸಿದನು. ಅದು ಪ್ರಕಟವಾದುದು 1772 ರಲ್ಲಿ. ಇದರ ವರ್ಗಮೂಲ 46340 ಕ್ಕಿಂತ ಸ್ವಲ್ಪ ಹೆಚ್ಚು. ಅದರೊಳಗೆ ಸುಮಾರು ನಾಲ್ಕು ಸಾವಿರದ ಎಂಟುನೂರು ಅವಿಭಾಜ್ಯಗಳಿವೆ. ಜರಡಿ ಹಿಡಿದ ಮೇಲೆ ಉಳಿಯುವುವು ಎಂಬತ್ತು ಚಿಲ್ಲರೆ ಮಾತ್ರ. ಆ ವೇಳೆಗೆ ಆಯ್ಲರನ ದೃಷ್ಟಿ ಬಹುಮಟ್ಟಿಗೆ ನಷ್ಟವಾಗಿದ್ದುದನ್ನು ನೆನೆದರೆ, ಅಷ್ಟು ಭಾಗಾಕಾರವೂ ಹಗುರವಾಗಿರಲಿಲ್ಲ.

ಇದೇ ಜರಡಿಗಳನ್ನು 2¹²⁷ − 1 ಕ್ಕೆ ಹಿಡಿದರೆ? 254 ರ ಅಪವರ್ತ್ಯಗಳಿಗೆ ಒಂದು ಸೇರಿಸಿ ಬರುವ ಸಂಖ್ಯೆಗಳನ್ನು ಮಾತ್ರ ತೆಗೆದುಕೊಂಡು, ಅವುಗಳಲ್ಲೂ ಎಂಟರ ನಿಯಮದಿಂದ ಅರ್ಧವನ್ನು ತಳ್ಳಿಹಾಕಿದ ಮೇಲೆ, ಪರೀಕ್ಷಿಸಬೇಕಾದ ಸಂಖ್ಯೆಗಳು ಇನ್ನೂ ಎರಡೂವರೆ ಕೋಟಿ ಕೋಟಿಯ ನೂರು ಮಡಿಯಷ್ಟು ಉಳಿಯುವುವು. ಕ್ಷಣಕ್ಕೊಂದರಂತೆ, ಹಗಲಿರುಳು ಬಿಡುವಿಲ್ಲದೆ ಭಾಗಿಸಿದರೂ ಎಂಬತ್ತು ಕೋಟಿ ವರ್ಷಗಳಿಗಿಂತ ಹೆಚ್ಚು ಕಾಲ ಬೇಕು. ಆದುದರಿಂದ ಜರಡಿಯನ್ನು ಇನ್ನಷ್ಟು ಸಣ್ಣಗೆ ನೇಯುವುದರಿಂದ ಪ್ರಯೋಜನವಿರಲಿಲ್ಲ. ಬೇರೆಯೇ ಒಂದು ಮಾರ್ಗ ಬೇಕಾಗಿತ್ತು.

ಲ್ಯೂಕಾನ ಪರೀಕ್ಷೆ

ಲ್ಯೂಕಾ ಹುಟ್ಟಿದ್ದು 1842 ರಲ್ಲಿ, ಉತ್ತರ ಫ್ರಾನ್ಸಿನ ಆಮಿಯಾನ್ ಪಟ್ಟಣದಲ್ಲಿ. 1870 ರ ಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿ ಕೆಲಸ ಮಾಡಿ, ಆಮೇಲೆ ಶಾಲಾ ಅಧ್ಯಾಪಕನಾದನು. ಮೂರು ಕಂಬಗಳ ನಡುವೆ ಬಿಲ್ಲೆಗಳನ್ನು ಸಾಗಿಸುವ ‘ಹನಾಯ್ ಗೋಪುರ’ವೆಂಬ ಆಟವನ್ನು ನಮ್ಮ ಓದುಗರಲ್ಲಿ ಹಲವರು ಆಡಿರಬಹುದು, 1883 ರಲ್ಲಿ ಅದನ್ನು ಲೋಕಕ್ಕೆ ಕೊಟ್ಟವನು ಇವನೇ. ಆ ಆಟ ಮುಗಿಯಲು ಬೇಕಾಗುವ ಕನಿಷ್ಠ ಚಲನೆಗಳ ಸಂಖ್ಯೆಯೂ 2 ರ ಘಾತಕ್ಕೆ ಒಂದು ಕಡಿಮೆ! 1, 1, 2, 3, 5, 8, 13 ಎಂದು ಸಾಗುವ ಶ್ರೇಣಿಗೆ ಫಿಬೊನಾಚಿಯ ಹೆಸರಿಟ್ಟವನೂ ಅವನೇ. ಅವನ ಅವಿಭಾಜ್ಯ ಪರೀಕ್ಷೆ ಹುಟ್ಟಿದ್ದು ಈ ಶ್ರೇಣಿಯ ಅಧ್ಯಯನದಿಂದ.

ಪರೀಕ್ಷೆಯನ್ನು ಅಮೆರಿಕದ ಡಿ. ಎಚ್. ಲೆಹ್ಮರ್ 1930 ರ ಸುಮಾರಿಗೆ ತಿದ್ದಿ ಕೊಟ್ಟ ಸರಳ ರೂಪದಲ್ಲಿ ಇಲ್ಲಿ ವಿವರಿಸುತ್ತೇವೆ. ಘಾತಾಂಕ ಬೆಸ ಅವಿಭಾಜ್ಯವಾಗಿರಬೇಕು. 4 ರಿಂದ ಆರಂಭಿಸಬೇಕು. ಅದನ್ನು ವರ್ಗಮಾಡಿ 2 ಕಳೆಯಬೇಕು. ಬಂದುದನ್ನು ನಾವು ಪರೀಕ್ಷಿಸುತ್ತಿರುವ ಮೆರ್ಸೆನ್ ಸಂಖ್ಯೆಯಿಂದ ಭಾಗಿಸಿ, ಶೇಷವನ್ನು ಮಾತ್ರ ಇಟ್ಟುಕೊಂಡು, ಅದನ್ನೇ ಮತ್ತೆ ವರ್ಗಮಾಡಿ 2 ಕಳೆಯಬೇಕು. ಹೀಗೆ ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಮಾಡಿದಾಗ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಸೊನ್ನೆಯಾಗದಿದ್ದರೆ ಸಂಯುಕ್ತ. ಇಷ್ಟೇ ಪರೀಕ್ಷೆ.

ಚಿಕ್ಕದೊಂದನ್ನು ಮಾಡಿ ನೋಡೋಣ. ಘಾತಾಂಕ 7, ಸಂಖ್ಯೆ 127, ಐದು ಹಂತಗಳು. 4 ರ ವರ್ಗದಿಂದ 2 ಕಳೆದರೆ 14. 14 ರ ವರ್ಗದಿಂದ 2 ಕಳೆದರೆ 194. 127 ರಿಂದ ಭಾಗಿಸಿದ ಶೇಷ 67. 67 ರ ವರ್ಗ 4489, 2 ಕಳೆದರೆ 4487, ಶೇಷ 42. 42 ರ ವರ್ಗ 1764, 2 ಕಳೆದರೆ 1762; ಶೇಷ 111. 111 ರ ವರ್ಗ 12321, 2 ಕಳೆದರೆ 12319. ಇದು 127 × 97, ಶೇಷ ಸೊನ್ನೆ. ಆದುದರಿಂದ 127 ಅವಿಭಾಜ್ಯ. ಇದೇ ಕ್ರಮವನ್ನು 2047 ಕ್ಕೆ ಅನ್ವಯಿಸಿದರೆ ಒಂಬತ್ತನೆಯ ಹಂತದಲ್ಲಿ 1736 ಬರುವುದು, ಸೊನ್ನೆಯಲ್ಲ, ಅದು ಸಂಯುಕ್ತ. 23 ಮತ್ತು 89 ಎಂಬ ಹೆಸರುಗಳನ್ನೇ ಎತ್ತದೆ ಪರೀಕ್ಷೆ ಈ ತೀರ್ಪನ್ನು ಕೊಟ್ಟಿತೆಂಬುದನ್ನು ಗಮನಿಸಬೇಕು. ಸ್ವತಃ ಮಾಡಿ ನೋಡಬಯಸುವ ವಿದ್ಯಾರ್ಥಿಗಳು 2¹³ − 1 = 8191 ನ್ನು ತೆಗೆದುಕೊಳ್ಳಬಹುದು. ಹನ್ನೊಂದು ಹಂತಗಳು, ಹತ್ತನೆಯ ಶೇಷ 128 ಬಂದರೆ ಲೆಕ್ಕ ಸರಿಯಾಗಿದೆ. ನಾವು ಮೊದಲ ಸಲ ಮಾಡಿದಾಗ ನಾಲ್ಕನೆಯ ಹಂತದಲ್ಲೇ ತಪ್ಪಿ, ಮತ್ತೆ ಮೊದಲಿನಿಂದ ಬರೆಯಬೇಕಾಯಿತು.

ಮೆರ್ಸೆನ್ ಸಂಖ್ಯೆಯಿಂದ ಭಾಗಿಸುವುದರಲ್ಲಿ ಒಂದು ವಿಶೇಷ ಸೌಲಭ್ಯವುಂಟು. ಒಂಬತ್ತರಿಂದ ಭಾಗಿಸಿದ ಶೇಷವನ್ನು ತಿಳಿಯಲು ನಾವು ಅಂಕಿಗಳನ್ನು ಕೂಡಿಸುತ್ತೇವಲ್ಲವೆ? ಹತ್ತು ಎಂದರೆ ಒಂಬತ್ತಕ್ಕೆ ಒಂದು ಹೆಚ್ಚು, ಆದುದರಿಂದ ಹತ್ತರ ಸ್ಥಾನದ ಅಂಕಿಯನ್ನು ಬಿಡಿಯ ಸ್ಥಾನಕ್ಕೆ ಇಳಿಸಿದರೂ ಶೇಷ ಕೆಡುವುದಿಲ್ಲ. ಹಾಗೆಯೇ 128 ಎಂದರೆ 127 ಕ್ಕೆ ಒಂದು ಹೆಚ್ಚು. 4487 ನ್ನು 128 ರಿಂದ ಭಾಗಿಸಿದರೆ ಭಾಗಲಬ್ಧ 35, ಶೇಷ 7. ಅವೆರಡನ್ನೂ ಕೂಡಿಸಿದರೆ 42, ನಮಗೆ ಬೇಕಾದ ಶೇಷ. 0 ಮತ್ತು 1 ಎಂಬ ಎರಡೇ ಅಂಕಿಗಳ ದ್ವಿಮಾನ ಪದ್ಧತಿಯಲ್ಲಿ ಬರೆದರೆ 128 ರಿಂದ ಭಾಗಿಸುವುದೆಂದರೆ ಬಲಗಡೆಯ ಏಳು ಅಂಕಿಗಳನ್ನು ಕತ್ತರಿಸುವುದಷ್ಟೆ. ನಮ್ಮ ದೊಡ್ಡ ಸಂಖ್ಯೆಗೆ ಬಲಗಡೆಯ 127 ಅಂಕಿಗಳನ್ನು ಕತ್ತರಿಸಿ ಎಡಗಡೆಯ ತುಂಡಿನೊಡನೆ ಕೂಡಿಸಿದರಾಯಿತು, ಭಾಗಾಕಾರವೇ ಇಲ್ಲ. ಲ್ಯೂಕಾ ಇದನ್ನು ಚೆನ್ನಾಗಿ ಬಲ್ಲನು; ಒಂದೊಂದು ಬದಿಗೆ 127 ಮನೆಗಳಿರುವ ಚದುರಂಗದ ಹಾಸಿನ ಮೇಲೆ ಕಾಯಿಗಳನ್ನಿಟ್ಟು ಗುಣಿಸುವ ವಿಧಾನವನ್ನು ಅವನು ವರ್ಣಿಸಿದ್ದಾನೆ. 2¹²⁷ − 1 ಕ್ಕೆ ಅವನು ಆರಂಭಿಸಿದ್ದು 4 ರಿಂದಲ್ಲ, 3 ರಿಂದ. ಈ ಘಾತಾಂಕಕ್ಕೆ ಅದೂ ಸಲ್ಲುವುದು. ಹೇಗಿದ್ದರೂ ಹಂತಗಳು 125. ಎಂಬತ್ತು ಕೋಟಿ ವರ್ಷಗಳ ಕೆಲಸ 125 ಗುಣಾಕಾರಗಳಿಗೆ ಇಳಿಯಿತು.

ಇದು ಹೇಗೆ ಸಾಧ್ಯ? ಕಾಲೇಜಿನ ವಿದ್ಯಾರ್ಥಿಗಳಿಗೆ ನಿಲುಕುವ ಬೀಜಗಣಿತದಿಂದಲೇ ಇದರ ಒಂದು ಮುಖವನ್ನು ತೋರಿಸಬಹುದು. ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥನೆ.

ಒಂದು ಸಂಖ್ಯೆಯನ್ನೂ ಅದರ ವ್ಯುತ್ಕ್ರಮವನ್ನೂ ಕೂಡಿಸಿ, ಆ ಮೊತ್ತವನ್ನು ವರ್ಗಮಾಡಿ 2 ಕಳೆದರೆ, ಆ ಸಂಖ್ಯೆಯ ವರ್ಗವೂ ವ್ಯುತ್ಕ್ರಮದ ವರ್ಗವೂ ಕೂಡಿ ಉಳಿಯುವುವು. ಈಗ 2 + √3 ಮತ್ತು 2 − √3 ಇವನ್ನು ನೋಡಿ. ಇವುಗಳ ಗುಣಲಬ್ಧ 1. ಎಂದರೆ ಇವು ಒಂದಕ್ಕೊಂದು ವ್ಯುತ್ಕ್ರಮ. ಮೊತ್ತ 4, ನಾವು ಆರಂಭಿಸಿದ್ದು ಅಲ್ಲಿಂದಲೇ! ಹೀಗಾಗಿ ‘ವರ್ಗಮಾಡಿ 2 ಕಳೆ’ ಎಂಬ ಪ್ರತಿಯೊಂದು ಹಂತವೂ ಗುಟ್ಟಾಗಿ 2 + √3 ರ ಘಾತವನ್ನು ಇಮ್ಮಡಿಸುತ್ತ ಹೋಗುವುದು. ವರ್ಗದ ಮೇಲೆ ವರ್ಗ ಮಾಡಿ ದೊಡ್ಡ ಘಾತವನ್ನು ಬೇಗನೆ ಮುಟ್ಟುವ ಈ ಹಂಚಿಕೆ ಬಹಳ ಹಳೆಯದು. ಗುರುಲಘುಗಳ ವಿನ್ಯಾಸಗಳನ್ನು ಎಣಿಸಲು ಹೊರಟ ನಮ್ಮ ಛಂದಶ್ಶಾಸ್ತ್ರಕಾರ ಪಿಂಗಳನು 2 ರ ಘಾತಗಳನ್ನು ಇದೇ ರೀತಿಯಲ್ಲಿ ಪಡೆದಿದ್ದನು. 125 ಹಂತಗಳಲ್ಲಿ ಘಾತಾಂಕ 2¹²⁵ ರಷ್ಟಾಗುವುದು.

ಕೊನೆಯ ಶೇಷ ಸೊನ್ನೆ ಬಂದಿದೆ ಎಂದುಕೊಳ್ಳೋಣ. ಆದರೂ ನಮ್ಮ ಸಂಖ್ಯೆ ಸಂಯುಕ್ತವೆಂದು ಯಾರಾದರೂ ವಾದಿಸಲಿ. ಹಾಗಾದರೆ ಅದರ ವರ್ಗಮೂಲವನ್ನು ಮೀರದ ಒಂದು ಭಾಜಕವಿರಲೇಬೇಕು. ಅದನ್ನು ಭ ಎಂದು ಕರೆಯೋಣ. ಇನ್ನು ಮುಂದೆ ಎಲ್ಲವನ್ನೂ ಭ ದಿಂದ ಭಾಗಿಸಿ ಶೇಷಗಳನ್ನಷ್ಟೇ ನೋಡೋಣ. 2 + √3 ರ ಎಲ್ಲ ಘಾತಗಳೂ ‘ಒಂದು ಪೂರ್ಣಾಂಕ, ಜೊತೆಗೆ √3 ರ ಇಷ್ಟು ಮಡಿ’ ಎಂಬ ರೂಪದಲ್ಲೇ ಇರುವುವು. ಎರಡು ಸ್ಥಾನಗಳಲ್ಲೂ ಶೇಷಗಳನ್ನು ಮಾತ್ರ ಇಟ್ಟುಕೊಂಡರೆ ಇಂಥ ಜೋಡಿಗಳು ಒಟ್ಟು ಭ × ಭ. ಎರಡೂ ಸೊನ್ನೆಯಾದ ಜೋಡಿಯನ್ನು ಬಿಟ್ಟರೆ ಅದಕ್ಕಿಂತ ಒಂದು ಕಡಿಮೆ. ಭ ವರ್ಗಮೂಲವನ್ನು ಮೀರದುದರಿಂದ ಈ ಜೋಡಿಗಳು 2¹²⁷ − 2 ಕ್ಕಿಂತ ಹೆಚ್ಚಿರಲಾರವು.

ಈಗ ಸೊನ್ನೆಯ ಅರ್ಥವೇನೆಂದು ನೋಡಬೇಕು. 2 + √3 ರ 2¹²⁵ ನೆಯ ಘಾತವೂ ಅದರ ವ್ಯುತ್ಕ್ರಮವೂ ಕೂಡಿ ಸೊನ್ನೆ. ಎರಡು ಕಡೆಯೂ ಅದೇ ಘಾತದಿಂದ ಗುಣಿಸಿದರೆ, 2 + √3 ರ 2¹²⁶ ನೆಯ ಘಾತ −1 ಎಂದಾಗುವುದು. ಅದನ್ನು ವರ್ಗಮಾಡಿದರೆ 2¹²⁷ ನೆಯ ಘಾತ 1. ಘಾತಗಳ ಮೆರವಣಿಗೆ 1 ರಿಂದ ಹೊರಟು 1 ಕ್ಕೆ ಹಿಂದಿರುಗಲು ಎಷ್ಟು ಹೆಜ್ಜೆ ಬೇಕು? ಆ ಸಂಖ್ಯೆ 2¹²⁷ ನ್ನು ಭಾಗಿಸಬೇಕು. ಆದುದರಿಂದ ಅದು 2 ರದೇ ಒಂದು ಘಾತ. ಅದು 2¹²⁷ ಕ್ಕಿಂತ ಚಿಕ್ಕದಾಗಿದ್ದರೆ 2¹²⁶ ನೆಯ ಹೆಜ್ಜೆಯಲ್ಲೇ 1 ಕಾಣಬೇಕಾಗಿತ್ತು. ಅಲ್ಲಿ ಕಂಡದ್ದು −1. ಭಾಜಕ ಬೆಸ ಸಂಖ್ಯೆಯಾದುದರಿಂದ ಇವೆರಡೂ ಒಂದೇ ಆಗಲಾರವು. ಹಾಗಾಗಿ ಸುತ್ತು ಮುಗಿಯಲು ಸರಿಯಾಗಿ 2¹²⁷ ಹೆಜ್ಜೆಗಳು ಬೇಕು, ಪ್ರತಿಯೊಂದು ಹೆಜ್ಜೆಯೂ ಹೊಸ ಜೋಡಿಯ ಮೇಲೆ ಬೀಳಬೇಕು, ಯಾವುದೂ ಸೊನ್ನೆಯ ಮೇಲೆ ಬೀಳಬಾರದು. ಆದರೆ ಇರುವ ಜೋಡಿಗಳೇ 2¹²⁷ − 2! ಊರಿನಲ್ಲಿರುವ ಮನೆಗಳಿಗಿಂತ ಹೆಚ್ಚು ಮನೆಗಳಿಗೆ ಹೋಗಿ ಬಂದೆನೆಂದು ಹೇಳಿದಂತಾಯಿತು. ಆದುದರಿಂದ ಭ ಎಂಬ ಭಾಜಕವೇ ಇಲ್ಲ, ಸಂಖ್ಯೆ ಅವಿಭಾಜ್ಯ. ಅವಿಭಾಜ್ಯವಾದರೆ ಸೊನ್ನೆ ಬಂದೇ ತೀರುವುದೆಂಬ ಇನ್ನೊಂದು ಮುಖಕ್ಕೆ ಸ್ವಲ್ಪ ಮೇಲಿನ ಸಂಖ್ಯಾಶಾಸ್ತ್ರ ಬೇಕು. ಅದನ್ನು ಇಲ್ಲಿ ಬಿಡುತ್ತೇವೆ.

ಸೊನ್ನೆಯ ಸಾಕ್ಷ್ಯ

ಸಂಶಯಪ್ರವೃತ್ತಿಯ ಓದುಗರು ಕೇಳಬಹುದು: ಪರೀಕ್ಷೆ ಸರಿ, ಆದರೆ ಮೂವತ್ತೊಂಬತ್ತು ಅಂಕಿಗಳ 125 ಗುಣಾಕಾರಗಳಲ್ಲಿ ಲ್ಯೂಕಾ ಎಲ್ಲೂ ಕೈತಪ್ಪಲಿಲ್ಲವೆಂದು ನಂಬುವುದು ಹೇಗೆ? ಪ್ರಶ್ನೆ ನ್ಯಾಯವಾದುದು. ಇದಕ್ಕೆ ಪರೀಕ್ಷೆಯೊಳಗೇ ಒಂದು ಉತ್ತರವಿದೆ. ನಡುವೆ ಒಂದು ಅಂಕಿ ತಪ್ಪಿದರೂ ಮುಂದಿನ ಶೇಷಗಳೆಲ್ಲ ದಿಕ್ಕುಗೆಟ್ಟು ಹೋಗುವುವು. ಹಾಗೆ ದಿಕ್ಕುಗೆಟ್ಟ ಲೆಕ್ಕ, ಮೂವತ್ತೊಂಬತ್ತು ಅಂಕಿಗಳ ಅಗಾಧ ರಾಶಿಯಲ್ಲಿ, ಕೊನೆಯ ಹಂತದಲ್ಲಿ ಸರಿಯಾಗಿ ಸೊನ್ನೆಯ ಮೇಲೆಯೇ ಬಂದು ನಿಲ್ಲುವುದನ್ನು ನಿರೀಕ್ಷಿಸಲಾಗದು. ಸೊನ್ನೆ ಬಂದರೆ ಆ ಸೊನ್ನೆಯೇ ಲೆಕ್ಕ ಸರಿಯಾದುದಕ್ಕೆ ಸಾಕ್ಷಿ. ಸೊನ್ನೆಯಲ್ಲದ ಶೇಷ ಬಂದಾಗ ಮಾತ್ರ ಈ ಸಾಕ್ಷಿಯಿಲ್ಲ: ಸಂಖ್ಯೆ ನಿಜವಾಗಿ ಸಂಯುಕ್ತವಿರಬಹುದು, ಅಥವಾ ಲೆಕ್ಕಿಗನು ಎಲ್ಲೋ ತೂಕಡಿಸಿರಬಹುದು. ಆದರೂ ಗಣಿತದಲ್ಲಿ ಇಂಥ ಸಮಾಧಾನದಿಂದ ತೃಪ್ತರಾಗುವಂತಿಲ್ಲ. 1914 ರಲ್ಲಿ ಫೋಕಾಂಬೆರ್ಗ್ ಎಂಬ ಇನ್ನೊಬ್ಬ ಫ್ರೆಂಚನು ಲೆಕ್ಕವನ್ನು ಬೇರೆಯಾಗಿ ಮಾಡಿ ಲ್ಯೂಕಾನ ಫಲವನ್ನು ದೃಢಪಡಿಸಿದನು.

ಸೊನ್ನೆಯಲ್ಲದ ಶೇಷದ ಕಥೆಯೊಂದು ಹೆಚ್ಚು ಪ್ರಸಿದ್ಧವಾಗಿದೆ. ಮೆರ್ಸೆನ್ನನ ಪಟ್ಟಿಯಲ್ಲಿದ್ದ 2⁶⁷ − 1 ಅವಿಭಾಜ್ಯವಲ್ಲವೆಂದು 1876 ರಲ್ಲಿ ಲ್ಯೂಕಾನೇ ತೋರಿಸಿದನು. ಸಂಖ್ಯೆ ಒಡೆಯುವುದೆಂದು ತಿಳಿಯಿತು. ಆದರೆ ಹೇಗೆ ಒಡೆಯುವುದೆಂದು ಯಾರಿಗೂ ತಿಳಿಯದು. ಹೀಗೆ ಇಪ್ಪತ್ತೇಳು ವರ್ಷ ಕಳೆಯಿತು. 1903 ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರ್ಯಾಂಕ್ ನೆಲ್ಸನ್ ಕೋಲ್ ಎಂಬ ಪ್ರಾಧ್ಯಾಪಕನು ಅದರ ಅಪವರ್ತನಗಳನ್ನು ಮುಂದಿಟ್ಟನು:

193707721 × 761838257287 = 147573952589676412927

ಕೋಲ್ ಒಂದು ಮಾತನ್ನೂ ಆಡದೆ ಕಪ್ಪುಹಲಗೆಯ ಒಂದು ಬದಿಯಲ್ಲಿ 2⁶⁷ − 1 ನ್ನೂ ಇನ್ನೊಂದು ಬದಿಯಲ್ಲಿ ಈ ಗುಣಾಕಾರವನ್ನೂ ಮಾಡಿ ಮುಗಿಸಿ ಕುಳಿತನೆಂದೂ, ಎಷ್ಟು ಕಾಲ ಹಿಡಿಯಿತೆಂದು ಕೇಳಿದಾಗ ಮೂರು ವರ್ಷಗಳ ಭಾನುವಾರಗಳೆಂದು ಉತ್ತರಿಸಿದನೆಂದೂ ಹೇಳುತ್ತಾರೆ. ಕಥೆಗೆ ಹೇಳುವವರ ಕೈಯಲ್ಲಿ ಸ್ವಲ್ಪ ಬಣ್ಣ ಏರಿರಬಹುದು. ಗುಣಾಕಾರವಂತೂ ಸರಿಯಾಗಿದೆ, ಓದುಗರು ಪರೀಕ್ಷಿಸಬಹುದು. 193707721 ರಿಂದ ಒಂದು ಕಳೆದು 67 ರ ಇಮ್ಮಡಿಯಾದ 134 ರಿಂದ ಭಾಗಿಸಿದರೆ ಫರ್ಮಾನ ನಿಯಮವೂ ಸರಿಯಾಗಿ ಕೂಡಿಬರುವುದು.

ಈ ಇಪ್ಪತ್ತೇಳು ವರ್ಷಗಳ ಅಂತರದಲ್ಲಿಯೇ ನಾವು ಹೇಳಬೇಕೆಂದಿರುವ ಮುಖ್ಯ ವಿಷಯ ಅಡಗಿದೆ. ‘ಈ ಸಂಖ್ಯೆ ಒಡೆಯುವುದೇ?’ ಎಂಬುದು ಒಂದು ಪ್ರಶ್ನೆ, ‘ಎಲ್ಲಿ ಒಡೆಯುವುದು?’ ಎಂಬುದು ಬೇರೆಯೇ ಪ್ರಶ್ನೆ. ಭಾಗಾಕಾರವನ್ನು ಮಾತ್ರ ಬಲ್ಲವರಿಗೆ ಇವೆರಡೂ ಒಂದೇ ಎಂದು ತೋರುವುದು. ಮೊದಲನೆಯದನ್ನು ಬಿಡಿಸಲು ಲ್ಯೂಕಾನ ತರುವಾಯ ಒಳ್ಳೆಯ ಮಾರ್ಗಗಳು ದೊರೆತಿವೆ. ಮೆರ್ಸೆನ್ ಸಂಖ್ಯೆಗಳಿಗಷ್ಟೇ ಅಲ್ಲ, ಯಾವ ಸಂಖ್ಯೆಯನ್ನು ಕೊಟ್ಟರೂ ಮಿತವಾದ ಹಂತಗಳಲ್ಲಿ ಖಚಿತವಾದ ಉತ್ತರ ಕೊಡುವ ಕ್ರಮವೊಂದನ್ನು 2002 ರಲ್ಲಿ ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಮಣೀಂದ್ರ ಅಗರ್‌ವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಅವರು ಕಂಡುಹಿಡಿದರು. ಅವರಲ್ಲಿ ಇಬ್ಬರು ಆಗಿನ್ನೂ ವಿದ್ಯಾರ್ಥಿಗಳು. ಎರಡನೆಯ ಪ್ರಶ್ನೆಗೆ ಮಾತ್ರ ಸಾಮಾನ್ಯ ಗಣಕಯಂತ್ರಗಳಿಗೆ ಒಪ್ಪುವ ಅಂಥ ಕ್ರಮ ಯಾರಿಗೂ ತಿಳಿದಿಲ್ಲ. ಈ ಅಸಮತೆಯನ್ನೇ ಬೀಗವಾಗಿ ಬಳಸಿಕೊಂಡು 1977 ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಒಂದು ಗುಪ್ತಲಿಪಿಯನ್ನು ರಚಿಸಿದರು: ಎರಡು ದೊಡ್ಡ ಅವಿಭಾಜ್ಯಗಳನ್ನು ಹುಡುಕಿ ಗುಣಿಸುವುದು ಸುಲಭ, ಗುಣಲಬ್ಧವನ್ನು ಕಂಡವನಿಗೆ ಅವನ್ನು ಬಿಡಿಸುವುದು ದುಸ್ಸಾಧ್ಯ.

1811 ರಲ್ಲಿ ಇಂಗ್ಲೆಂಡಿನ ಬಾರ್ಲೊ ಎಂಬ ಗಣಿತಜ್ಞನು, ಆಯ್ಲರನ 2³¹ − 1 ರಿಂದ ಬರುವ ಪರಿಪೂರ್ಣ ಸಂಖ್ಯೆಯೇ ಇನ್ನು ಮುಂದೆಯೂ ಅತಿ ದೊಡ್ಡದಾಗಿ ಉಳಿಯುವುದೆಂದು ಬರೆದಿದ್ದನು. ಇವು ಬರಿಯ ಕುತೂಹಲದ ವಸ್ತುಗಳು, ಉಪಯೋಗವಿಲ್ಲದ್ದಕ್ಕಾಗಿ ಯಾರು ತಾನೇ ಶ್ರಮಪಟ್ಟಾರು ಎಂಬುದು ಅವನ ತರ್ಕ. ಲ್ಯೂಕಾನ ಸಂಖ್ಯೆಯಿಂದ ಬರುವ ಪರಿಪೂರ್ಣ ಸಂಖ್ಯೆಗೆ 77 ಅಂಕಿಗಳಿವೆ. 1952 ರ ಜನವರಿ 30 ರಂದು ಕ್ಯಾಲಿಫೋರ್ನಿಯದ ಒಂದು ವಿದ್ಯುನ್ಮಾನ ಗಣಕಯಂತ್ರ, ರಾಫೆಲ್ ರಾಬಿನ್‌ಸನ್ ಬರೆದ ಸೂಚನೆಗಳ ಮೇರೆಗೆ ಇದೇ ಪರೀಕ್ಷೆಯನ್ನು ನಡೆಸಿ, ಘಾತಾಂಕ 521 ಮತ್ತು 607 ರ ಎರಡು ಅವಿಭಾಜ್ಯಗಳನ್ನು ಒಂದೇ ದಿನದಲ್ಲಿ ಕೊಟ್ಟಿತು. 2024 ರ ಅಕ್ಟೋಬರಿನಲ್ಲಿ ಪ್ರಕಟವಾದ 2¹³⁶²⁷⁹⁸⁴¹ − 1 ಎಂಬ ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. ಪುಟಕ್ಕೆ ಎರಡೂವರೆ ಸಾವಿರ ಅಂಕಿಗಳಂತೆ ಅಚ್ಚುಹಾಕಿದರೆ ಹದಿನಾರು ಸಾವಿರಕ್ಕೂ ಹೆಚ್ಚು ಪುಟಗಳಾಗುವುವು. ಅದನ್ನೂ ಕೊನೆಗೆ ಸ್ಥಿರಪಡಿಸಿದ್ದು ವರ್ಗಮಾಡಿ 2 ಕಳೆಯುವ ಈ ಪರೀಕ್ಷೆಯೇ.

ಲ್ಯೂಕಾನ ಫಲ ಪ್ರಕಟವಾದ 1876 ರಲ್ಲಿಯೇ ಬೆಲ್ಜಿಯಮ್ಮಿನಲ್ಲಿದ್ದ ಕತಲಾನ್ ಎಂಬ ಗಣಿತಜ್ಞನು ಒಂದು ಸರಪಳಿಯನ್ನು ಗಮನಿಸಿದನು. 2 ಅವಿಭಾಜ್ಯ. 2² − 1 = 3 ಅವಿಭಾಜ್ಯ. 2³ − 1 = 7 ಅವಿಭಾಜ್ಯ. 2⁷ − 1 = 127 ಅವಿಭಾಜ್ಯ. 2¹²⁷ − 1 ಅವಿಭಾಜ್ಯ. ಹಾಗಾದರೆ ಇದನ್ನೇ ಘಾತಾಂಕವಾಗಿಟ್ಟರೆ ಬರುವ ಮುಂದಿನ ಕೊಂಡಿ? ಇಂಥ ಸರಪಳಿಗಳನ್ನು ಸುಮ್ಮನೆ ನಂಬುವಂತಿಲ್ಲ; 2¹³ − 1 = 8191 ಅವಿಭಾಜ್ಯವಾಗಿದ್ದರೂ, 8191 ನ್ನು ಘಾತಾಂಕವಾಗಿಟ್ಟ ಸಂಖ್ಯೆ ಸಂಯುಕ್ತವೆಂದು 1953 ರಲ್ಲಿ ತಿಳಿದುಬಂದಿತು. ಕತಲಾನನ ಮುಂದಿನ ಕೊಂಡಿಗೆ ಲ್ಯೂಕಾನ ಪರೀಕ್ಷೆಯೂ ಕೈಚೆಲ್ಲುವುದು. ಹಂತಗಳೇ 2¹²⁷ ರಷ್ಟು. ಸಂಖ್ಯೆಯನ್ನು ಬರೆಯುವುದಂತಿರಲಿ, ಅದರಲ್ಲಿ ಎಷ್ಟು ಅಂಕಿಗಳಿವೆ ಎಂಬ ಎಣಿಕೆಯನ್ನು ಬರೆಯಲೇ 38 ಅಂಕಿಗಳು ಬೇಕು.

ಇಲ್ಲಿ ಮತ್ತೆ ಫರ್ಮಾನ ಹಳೆಯ ಜರಡಿಯೊಂದೇ ಉಳಿದ ಆಯುಧ. ಆ ಸಂಖ್ಯೆಗೆ ಭಾಜಕವಿದ್ದರೆ ಅದು 2¹²⁷ − 1 ರ ಇಮ್ಮಡಿಯ ಯಾವುದಾದರೊಂದು ಅಪವರ್ತ್ಯಕ್ಕೆ ಒಂದು ಹೆಚ್ಚಾಗಿರಬೇಕು. ಹಾಗೆ ಒಂದನ್ನು ಆರಿಸಿಕೊಂಡು ಅದು ನಿಜವಾಗಿ ಭಾಗಿಸುವುದೇ ಎಂದು ನೋಡುವುದು ಅಷ್ಟು ಕಷ್ಟವಲ್ಲ: 2 ರಿಂದ ಆರಂಭಿಸಿ, ಆರಿಸಿಕೊಂಡ ಸಂಖ್ಯೆಯಿಂದ ಭಾಗಿಸಿದ ಶೇಷವನ್ನಷ್ಟೇ ಪ್ರತಿ ಹಂತದಲ್ಲಿ ಇಟ್ಟುಕೊಂಡು, 127 ಸಲ ವರ್ಗಮಾಡಬೇಕು. ಕೊನೆಗೆ ಮರಳಿ 2 ಬಂದರೆ ಭಾಜಕ ಸಿಕ್ಕಿದಂತೆ, ಕತಲಾನನ ಸರಪಳಿ ಅಲ್ಲಿಗೆ ಕಡಿದಂತೆ. ಸಾಧಾರಣ ಗಣಕಯಂತ್ರವನ್ನು ಬಳಸಬಲ್ಲ ವಿದ್ಯಾರ್ಥಿ ಇದನ್ನು ಮನೆಯಲ್ಲಿ ಕುಳಿತೇ ಮಾಡಬಹುದು. ಅನೇಕರು ಬಹಳಷ್ಟು ಸಂಖ್ಯೆಗಳನ್ನು ಹೀಗೆ ಪರೀಕ್ಷಿಸಿದ್ದಾರೆ. ಇದುವರೆಗೆ ಒಮ್ಮೆಯೂ 2 ಬಂದಿಲ್ಲ.